ಮಲ್ಲುಗೆ ಒಂದು ಪತ್ರ: ಫ್ಯಾನಿನ ಬಗ್ಗೆ ಊರ ಮಂದಿ ಏನಂತಾರೆ

ಪ್ರಿಯ ಮಲ್ಲು,

ಮೊನ್ನೆ ನಾನು ಹಾಕಿದ ಫ್ಯಾನಿನ, ಅಂದ್ರೆ ಕರೆಂಟು ತೆಗೆಯುವ ದೊಡ್ಡ ಗಾಳಿಯಂತ್ರದ, ಫೋಟೋ ನೋಡಿ ಕೇಳಿದ್ದೆಯಲ್ಲ, "ಊರ ಸುತ್ತ ಇಷ್ಟೊಂದು ಫ್ಯಾನು ಬಂದಾವ, ಮಂದಿ ಏನಂತಾರೋ?" ಅಂತ. ಒಂದೇ ಸಾಲಿನಲ್ಲಿ ಉತ್ತರ ಬರೆದು ಮುಗಿಸೋಣ ಅಂತ ಕೂತೆ. ಆಗಲಿಲ್ಲ. ಅದಕ್ಕೇ ಈ ಪತ್ರ. ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಬೇಜಾರಾಗಬೇಡ. ನಮ್ಮ ಹೈಸ್ಕೂಲ್ ಗ್ರೂಪಿನವರೂ ಓದಲಿ, ಬೆಂಗಳೂರಿನಲ್ಲಿ ಕೂತು ಫೋಟೋಕ್ಕೆ ಹಾರ್ಟ್ ಒತ್ತಿದವರೂ ಓದಲಿ.

ಮಂದಿ ಏನಂತಾರೆ ಅನ್ನೋದು ನೀನು ಯಾವ ಕಟ್ಟೆಯ ಮೇಲೆ ಕೂತು ಕೇಳುತ್ತೀಯ ಅನ್ನೋದರ ಮೇಲಿದೆ. ಹೊಲದಲ್ಲಿ ಫ್ಯಾನು ನಿಂತವರ ಕಟ್ಟೆಯಲ್ಲಿ "ಛಲೋ ಆತು" ಅನ್ನುತ್ತಾರೆ. ಪಕ್ಕದ ಹೊಲದವರ ಕಟ್ಟೆಯಲ್ಲಿ ಮಳೆ ಹೋಯಿತು ಅನ್ನುತ್ತಾರೆ. ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಹುಡುಗರು ಫ್ಯಾನು ಕಾಯುವ ಸೆಕ್ಯೂರಿಟಿ ಕೆಲಸಕ್ಕೆ ಯಾರನ್ನು ಹಿಡಿಯಬೇಕು ಅಂತ ಲೆಕ್ಕ ಹಾಕುತ್ತಿರುತ್ತಾರೆ. ಹೆಂಗಸರನ್ನು ಯಾರೂ ಕೇಳುವುದಿಲ್ಲ. ನಮ್ಮವ್ವನನ್ನು ನಾನೇ ಕೇಳಿದೆ. "ರಾತ್ರಿ ಕೆಂಪು ದೀಪ ಕಾಣತಾವ, ಹೊಲ ಯಾವ ದಿಕ್ಕಿಗೈತಿ ಅಂತ ಗೊತ್ತಾಗತೈತಿ" ಅಂದಳು. ಅಷ್ಟೇ.

ಮಳೆಯ ಮಾತು ಮೊದಲು ಹೇಳಿಬಿಡುತ್ತೇನೆ, ಯಾಕಂದ್ರೆ ಅದನ್ನು ಕೇಳಿ ಪೇಟೆಯವರು ನಗುತ್ತಾರೆ. ಫ್ಯಾನು ಮೋಡ ಓಡಿಸುತ್ತದೆ ಅಂತ ನಮ್ಮ ಕಡೆ ತುಂಬಾ ಜನ ನಂಬಿದ್ದಾರೆ. ಸಾತಾರಾ, ಸಾಂಗ್ಲಿ ಕಡೆಯೂ ಇದೇ ಮಾತಿದೆ, ಪುಣೆಯಲ್ಲಿ ನಿನ್ನ ಕಿವಿಗೂ ಬಿದ್ದಿರಬೇಕು. ಫ್ಯಾನು ಮೋಡ ಓಡಿಸುವುದಿಲ್ಲ, ಅದು ನನಗೆ ಗೊತ್ತು. ಗಾಳಿಯಿಂದ ಒಂದಿಷ್ಟು ಶಕ್ತಿ ತೆಗೆದುಕೊಳ್ಳುತ್ತದೆ ಅಷ್ಟೇ, ಮೋಡದ ತನಕ ಅದರ ಕೈ ಹೋಗುವುದಿಲ್ಲ. ಆದರೆ ಜೂನ್, ಜುಲೈನಲ್ಲಿ ನಮ್ಮ ಎರೆಹೊಲದಲ್ಲಿ ನಿಂತು ನೋಡು. ಮಲೆನಾಡಿನಲ್ಲಿ ಸುರಿದು ಹಗುರಾದ ಮೋಡ ಘಟ್ಟ ದಾಟಿ ನಮ್ಮ ನೆತ್ತಿಯ ಮೇಲೆ ಪೂರ್ವಕ್ಕೆ ಓಡುತ್ತಿರುತ್ತದೆ. ಹನಿ ಬೀಳುವುದಿಲ್ಲ. ಗಾಳಿ ಮಾತ್ರ ಜೋರು. ವರ್ಷದಲ್ಲಿ ಫ್ಯಾನು ಅತಿ ಜೋರಾಗಿ ತಿರುಗುವುದು ಆಗಲೇ. ಮೇಲೆ ಮೋಡ ಓಡುತ್ತಿದೆ, ಕೆಳಗೆ ಫ್ಯಾನು ತಿರುಗುತ್ತಿದೆ, ಬಿತ್ತಿದ ಹೆಸರು ಒಣಗುತ್ತಿದೆ. ಮೂರನ್ನೂ ಒಟ್ಟಿಗೆ ನೋಡಿದ ರೈತ ಏನಂದುಕೊಳ್ಳಬೇಕು ಹೇಳು? ಗಾಳಿ ಜಾಸ್ತಿ ಅಂತಲೇ ಫ್ಯಾನು ಇಲ್ಲಿಗೆ ಬಂದದ್ದು, ಮಳೆ ಕಡಿಮೆ ಆಗೋದು ಮೊದಲಿನಿಂದಲೂ ಇದ್ದದ್ದು ಅಂತ ಯಾರಾದರೂ ಬಂದು ಕೂತು ಹೇಳಿದ್ದಾರಾ? ನಾನು ಕಂಡಂತೆ ಯಾರೂ ಇಲ್ಲ. ಹೇಳುವವರು ಇಲ್ಲದ ಕಡೆ ಮಂದಿ ತಮ್ಮ ಕಣ್ಣಿಗೆ ಕಂಡದ್ದನ್ನೇ ನಂಬುತ್ತಾರೆ.

ನೀನು ಊರು ಬಿಡುವಾಗ ನಮ್ಮ ಗದಗ ಜಿಲ್ಲೆಯ ಕಪ್ಪತಗುಡ್ಡದ ಮೇಲಿದ್ದ ಹಳೇ ಫ್ಯಾನುಗಳು ನೆನಪಿವೆಯಲ್ಲ? ಅವು ಈಗಿನವುಗಳ ಮುಂದೆ ಏನೂ ಅಲ್ಲ. ಈಗ ಬರುತ್ತಿರುವ 3 ಮೆಗಾವ್ಯಾಟಿನ ಫ್ಯಾನಿನ ಕಂಬವೇ 140 ಮೀಟರ್. ಒಂದೊಂದು ರೆಕ್ಕೆ 70 ಮೀಟರ್ ಹತ್ತಿರ. ಗುಡ್ಡದ ತುದಿಯೇ ಬೇಕು ಅಂತಿಲ್ಲ, ಬಯಲು ಹೊಲದಲ್ಲೂ ಗಾಳಿ ಸಿಗುತ್ತದೆ. ಗಾಳಿ ಚೆನ್ನಾಗಿರುವ ಕಡೆ ಇಂಥದ್ದೊಂದು ವರ್ಷಕ್ಕೆ 70–80 ಲಕ್ಷ ಯೂನಿಟ್ ಕರೆಂಟು ಕೊಡುತ್ತದೆ. 2024–25ರಲ್ಲಿ ದೇಶದಲ್ಲೇ ಅತಿ ಹೆಚ್ಚು ಹೊಸ ಪವನ ವಿದ್ಯುತ್ ಸೇರಿಸಿದ್ದು ಕರ್ನಾಟಕ, 1,331 ಮೆಗಾವ್ಯಾಟ್. ತಮಿಳುನಾಡು, ಗುಜರಾತ್ ಎರಡನ್ನೂ ಹಿಂದೆ ಹಾಕಿತು. ನನಗೆ ಇದು ಹೆಮ್ಮೆಯ ವಿಷಯ. ಕಲ್ಲಿದ್ದಲು ಸುಡದೆ ಕರೆಂಟು ಬರಬೇಕು, ಅದು ನಮ್ಮ ಗಾಳಿಯಿಂದ ಬಂದರೆ ಇನ್ನೂ ಒಳ್ಳೆಯದು. ಈ ಪತ್ರ ಓದಿ ಯಾರೂ ನನ್ನನ್ನು ಫ್ಯಾನಿನ ವಿರೋಧಿ ಅಂದುಕೊಳ್ಳಬಾರದು.

ರೆಕ್ಕೆ ಬಂದ ರಾತ್ರಿ ನೀನು ಇರಬೇಕಿತ್ತು. ಊರಿಗೆ ಊರೇ ಎದ್ದಿತ್ತು. ಅಗಸಿಯ ತಿರುವಿನಲ್ಲಿ ಟ್ರೇಲರ್ ಹಿಂದೆ ಮುಂದೆ ಮಾಡುತ್ತ ನಿಂತಿತು. ಇಬ್ಬರು ಹುಡುಗರು ಬಿದಿರಿನ ಗಳದಿಂದ ಕರೆಂಟಿನ ವೈರು ಎತ್ತಿ ಹಿಡಿದಿದ್ದರು. ರೆಕ್ಕೆಯ ತುದಿ ಬೇವಿನ ಮರಕ್ಕೆ ತಗುಲಿತು. ಕೊಂಬೆ ಕಡಿದರು. ಆಮೇಲೆ ಇನ್ನೊಂದು ಕೊಂಬೆ. ಆಮೇಲೆ ಕಟ್ಟೆಯ ಮೂಲೆಯ ಎರಡು ಕಲ್ಲು ಕಿತ್ತರು, ನಾಳೆ ಹಾಕಿಸಿ ಕೊಡುತ್ತೇವೆ ಅಂದರು. ನೀನು ಮತ್ತು ನಾನು ಕೂರುತ್ತಿದ್ದ ಮೂಲೆಯೇ ಅದು. ಕಲ್ಲು ಇನ್ನೂ ಬಂದಿಲ್ಲ. ಮಕ್ಕಳು ರೆಕ್ಕೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಮುದುಕರೊಬ್ಬರು ಕೈ ಮುಗಿದರು. ನಾನೂ ಮುಟ್ಟಿದೆ. ತಣ್ಣಗೆ, ನುಣ್ಣಗೆ ಇತ್ತು.

ಈಗ ನಿಜವಾದ ವಿಷಯ. 2011 ನೆನಪಿದೆಯಾ? ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಹಳ್ಳಿಗುಡಿ ಸುತ್ತ ಮೂರು ಸಾವಿರಕ್ಕೂ ಹೆಚ್ಚು ಎಕರೆ ತೆಗೆದುಕೊಳ್ಳಲು ಹೊರಟಾಗ ಇಡೀ ಜಿಲ್ಲೆ ಎದ್ದು ನಿಂತಿತ್ತು. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು. ಆ ಜುಲೈನಲ್ಲಿ ಸರ್ಕಾರ ಕೈ ಬಿಟ್ಟಿತು. ಕಪ್ಪತಗುಡ್ಡಕ್ಕೂ ಹಾಗೇ ಆಯಿತು. 2015ರ ಕೊನೆಗೆ ಸಂರಕ್ಷಿತ ಪ್ರದೇಶ ಅಂತ ಮಾಡಿದ್ದನ್ನು 2016ರಲ್ಲಿ ವಾಪಸ್ ತೆಗೆದರು, ಜನ ಗದಗಿನಲ್ಲಿ ಧರಣಿ ಕೂತರು, 2017ರಲ್ಲಿ ಮತ್ತೆ ಕೊಟ್ಟರು, 2019ರಲ್ಲಿ ವನ್ಯಜೀವಿ ಧಾಮವೂ ಆಯಿತು. ಇಷ್ಟೆಲ್ಲ ಮಾಡಿದ ಮಂದಿ ಫ್ಯಾನಿನ ವಿಷಯಕ್ಕೆ ಬಂದರೆ ಯಾಕೆ ಒಟ್ಟಿಗೆ ಕೂತು ಮಾತಾಡಲಿಲ್ಲ ಅಂತ ನಾನು ತುಂಬಾ ದಿನ ಯೋಚಿಸಿದೆ.

ಉತ್ತರ ನಮ್ಮ ಮನೆಯ ಪಡಸಾಲೆಯಲ್ಲೇ ಇತ್ತು. ಪೋಸ್ಕೋಗೆ ಭೂಮಿ ಕೇಳಿದ್ದು ಇಡೀ ಊರನ್ನು. ಎಲ್ಲರಿಗೂ ಒಂದೇ ದಿನ ಗೊತ್ತಾಯಿತು, ಎಲ್ಲರಿಗೂ ಒಟ್ಟಿಗೆ ಸಿಟ್ಟು ಬಂತು. ಫ್ಯಾನಿಗೆ ಹಾಗಿಲ್ಲ. ಅಲ್ಲಿ ಎರಡೆಕರೆ, ಇಲ್ಲಿ ಎರಡೆಕರೆ. ಕಂಪನಿಯ ಏಜೆಂಟ್ ಒಬ್ಬೊಬ್ಬರ ಮನೆಗೆ ಬೇರೆ ಬೇರೆ ಬರುತ್ತಾನೆ. ಚಹಾ ಕುಡಿಯುತ್ತಾನೆ, ಮಗಳ ಮದುವೆ ವಿಚಾರಿಸುತ್ತಾನೆ, ರೇಟು ಹೇಳುತ್ತಾನೆ. ಎದ್ದು ಹೋಗುವಾಗ ಒಂದು ಮಾತು ಸೇರಿಸುತ್ತಾನೆ: "ನಿಮಗಷ್ಟ ಈ ರೇಟು, ಯಾರ ಮುಂದೂ ಹೇಳಬ್ಯಾಡ್ರಿ." ಎಲ್ಲರ ಮನೆಯಲ್ಲೂ ಇದನ್ನೇ ಹೇಳಿದ್ದಾನೆ. ಯಾರೂ ಯಾರ ಮುಂದೂ ಹೇಳಲಿಲ್ಲ. ಅಭಿಪ್ರಾಯ ಕೂಡಿಬರಬೇಕು ಅಂದ್ರೆ ಮಂದಿ ಬಾಯಿ ಬಿಡಬೇಕಲ್ವಾ?

ಮಂದಿಯನ್ನು ಕೇಳು ಅಂತ ಕಾನೂನೂ ಅನ್ನುವುದಿಲ್ಲ. ಯಾವ ಯೋಜನೆಗೆ ಮೊದಲೇ ಪರಿಸರದ ಒಪ್ಪಿಗೆ ಬೇಕು ಅಂತ ಹೇಳುವ 2006ರ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಇಲ್ಲ. ಹಾಗಾಗಿ ಗಣಿಗೆ, ಅಣೆಕಟ್ಟಿಗೆ ಮಾಡುವ ಹಾಗೆ ಶಾಮಿಯಾನ ಹಾಕಿ, ಮೈಕು ಕೊಟ್ಟು, ಜನರ ಅಹವಾಲು ಕೇಳುವ ಸಭೆ ಇದಕ್ಕೆ ಕಡ್ಡಾಯವಲ್ಲ. ಮಾಲಿನ್ಯದ ಲೆಕ್ಕದಲ್ಲೂ ಇದು ಬಿಳಿ ಪಟ್ಟಿಯಲ್ಲಿದೆ, ಅಂದ್ರೆ ಮಾಲಿನ್ಯ ಇಲ್ಲದಂಥವುಗಳ ಪಟ್ಟಿಯಲ್ಲಿ. ಹೊಗೆ ಇಲ್ಲ, ಕೊಳಕು ನೀರಿಲ್ಲ, ಸರಿ. ಮನೆಯಿಂದ 500 ಮೀಟರ್ ದೂರ ಇರಬೇಕು ಅಂತ 2016ರ ಕೇಂದ್ರದ ಮಾರ್ಗಸೂಚಿ ಇದೆ, ಸದ್ದಿನ ಕಾರಣಕ್ಕೆ. ಆದರೆ ಮನೆ ಅಂದ್ರೆ ಯಾವುದು?

ಇಲ್ಲಿ ಶಿವಪ್ಪ ಕಾಕಾ ಬರುತ್ತಾರೆ. ನಿನಗೆ ಕಡಲೆ ಗಿಡ ಕಿತ್ತು ಕೊಡುತ್ತಿದ್ದ ಅದೇ ಕಾಕಾ. ಅವರ ಹೊಲ ನಮ್ಮದಕ್ಕೆ ಹತ್ತಿದ ಬದು, ಮೂಡಣಕ್ಕೆ. ಜೋಳ ಕಾಳು ಕಟ್ಟುವ ಹೊತ್ತಿಗೆ ಅವರು ಹೊಲದ ಗುಡಿಸಲಲ್ಲೇ ಮಲಗುತ್ತಾರೆ, ಹಂದಿ ಬಾರದ ಹಾಗೆ ಕಾಯಲು. ಸರ್ವೆಗೆ ಬಂದವರ ಮುಂದೆ ನಿಂತು ಕೇಳಿದ್ದರಂತೆ, ನನ್ನ ಮನಿ ಇಲ್ಲೈತಲ್ರಿ ಅಂತ. "ಅದು ಮನೆ ಅಲ್ಲ ಯಜಮಾನ್ರ, ಗುಡಿಸಲು" ಅಂದರಂತೆ.

ಹೋದ ಚಳಿಗಾಲದಲ್ಲಿ ಒಂದು ಸಂಜೆ ನಾನು ಆ ಗುಡಿಸಲಿಗೆ ಹೋದೆ. ಸೂರ್ಯ ಇಳಿಯುತ್ತಿದ್ದ. ರೆಕ್ಕೆಯ ನೆರಳು ಜೋಳದ ಮೇಲೆ ಹಾದು, ಕಾಕಾನ ಮುಖದ ಮೇಲೆ ಹಾದು, ಗುಡಿಸಲಿನ ಸೋಗೆಯ ಮೇಲೆ ಹೋಗುತ್ತಿತ್ತು. ಹೋಯಿತು ಅನ್ನುವಷ್ಟರಲ್ಲಿ ಇನ್ನೊಂದು. ಅದು ಹೋಗುವಷ್ಟರಲ್ಲಿ ಮತ್ತೊಂದು. ಸದ್ದೂ ಹಾಗೇ, ಯಾರೋ ಬಿಡದೆ ಕಂಬಳಿ ಝಾಡಿಸಿದ ಹಾಗೆ. ಕಾಕಾ ಕಣ್ಣು ಮಿಟುಕಿಸುತ್ತ ಕೂತಿದ್ದರು. ಬಯ್ಯಲಿಲ್ಲ. "ನೀವು ಕೊಟ್ರಿ, ಛಲೋ ಆತು, ನಿಮ್ಮ ಹೊಲ. ನಂಗ್ಯಾರು ಕೇಳಿದ್ರಪಾ?" ಅಂದರು. ಅಷ್ಟು ಹೇಳಿ ಬೀಡಿ ಹಚ್ಚಿದರು.

ಹೌದು ಮಲ್ಲು, ಫೋಟೋದಲ್ಲಿರುವ ಫ್ಯಾನು ನಮ್ಮ ಹೊಲದ್ದು. ನಿನಗೆ ಹೇಳಿರಲಿಲ್ಲ. ಎರಡೂವರೆ ಎಕರೆ ಕೊಟ್ಟೆವು. ಬ್ಯಾಂಕಿನ ಸಾಲ ತೀರಿತು, ತಂಗಿಯ ನರ್ಸಿಂಗ್ ಫೀ ಕಟ್ಟಿದೆವು, ಅಪ್ಪನ ಮಂಡಿಯ ಆಪರೇಷನ್ ಆಯಿತು. ಕೊಟ್ಟದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ನಾಳೆ ಮತ್ತೆ ಆ ಸ್ಥಿತಿ ಬಂದರೂ ಕೊಡುತ್ತೇನೆ. ಆದರೆ ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳುತ್ತೇನೆ. ಮೊದಲು ಗುರುತಿನ ಕಲ್ಲು ನೆಟ್ಟಿದ್ದು ಕಾಕಾನ ಹೊಲದಲ್ಲಿ. ಯಾವುದೋ ಅಳತೆ ಹೊಂದಲಿಲ್ಲ ಅಂತ ಬದು ದಾಟಿಸಿ ನಮ್ಮ ಕಡೆ ನೆಟ್ಟರು. ಆ ರಾತ್ರಿ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದ್ದೆವು. ಯಾವ ಹಬ್ಬವೂ ಇರಲಿಲ್ಲ. ನನಗೆ ಅಷ್ಟು ಖುಷಿ ಆಗಿತ್ತು, ನಮಗೆ ಬಂತು ಅನ್ನುವುದಕ್ಕೆ ಎಷ್ಟೋ, ಅವರಿಗೆ ಹೋಗಲಿಲ್ಲ ಅನ್ನುವುದಕ್ಕೂ ಅಷ್ಟೇ. ಅವತ್ತಿನ ಆ ಖುಷಿ ಈಗಲೂ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ. ನಮ್ಮಪ್ಪ ಮತ್ತು ಕಾಕಾ ಒಂದೇ ಬಂಡಿಯಲ್ಲಿ ಸಂತೆಗೆ ಹೋದವರು. ಈಗ ಬಾವಿಯ ಹತ್ತಿರ ಎದುರಾದರೆ ಒಬ್ಬರು ಮುಂದೆ ಹೋಗಲಿ ಅಂತ ಇನ್ನೊಬ್ಬರು ನಿಲ್ಲುತ್ತಾರೆ.

ಕಾಕಾನ ಪ್ರಶ್ನೆಗೆ ಬೇರೆ ಕಡೆ ಏನು ಮಾಡಿದ್ದಾರೆ ಅಂತ ಓದಿದೆ. ಡೆನ್ಮಾರ್ಕ್‌ನಲ್ಲಿ 2009ರಿಂದ ಒಂದು ನಿಯಮ ಇತ್ತು. ಹೊಸ ಫ್ಯಾನು ಬಂದರೆ ಅದರ ಒಡೆತನದಲ್ಲಿ ಶೇ. 20ರಷ್ಟು ಪಾಲನ್ನು ಮೊದಲು 4.5 ಕಿಲೋಮೀಟರ್ ಒಳಗಿನವರಿಗೆ ಕೊಳ್ಳಲು ಕೊಡಬೇಕು. ಪಾಲು ಕೊಳ್ಳಲು ದುಡ್ಡು ಬೇಕಲ್ಲ, ಎಲ್ಲರಿಗೂ ಆಗುವುದಲ್ಲ. 2020ರಲ್ಲಿ ಅದನ್ನು ಬದಲಿಸಿದರು. ಈಗ ಫ್ಯಾನಿನ ಒಟ್ಟು ಎತ್ತರದ ಎಂಟು ಪಟ್ಟು ದೂರದೊಳಗೆ ಮನೆ ಇರುವವರಿಗೆ ವರ್ಷಾವರ್ಷ ಹಣ ಬರುತ್ತದೆ. ಭೂಮಿ ಕೊಟ್ಟವರಿಗೆ ಮಾತ್ರವಲ್ಲ, ನೆರಳು ಮತ್ತು ಸದ್ದು ಯಾರ ಮೇಲೆ ಬೀಳುತ್ತದೋ ಅವರಿಗೆ. ಇದನ್ನು ಓದಿದಾಗ ನನಗೆ ಕಾಕಾನೇ ಕಣ್ಣ ಮುಂದೆ ಬಂದರು. ಇಷ್ಟು ಮಾಡದ ಹಾಗೆ ನಮ್ಮವರ ಕೈ ಹಿಡಿದವರು ಯಾರು? ಅಷ್ಟು ಲಕ್ಷ ಯೂನಿಟ್ ತೆಗೆಯುವವರಿಗೆ ಪಕ್ಕದ ಹೊಲದವನಿಗೆ ಒಂದು ಪಾಲು ಕೊಡುವುದು ಭಾರವಾ? ನಮ್ಮ ಪಂಪ್‌ಸೆಟ್ಟಿಗೆ ಇವತ್ತಿಗೂ ತ್ರೀಫೇಸ್ ಬರುವುದು 7 ತಾಸು, ಅದೂ ಹೊತ್ತಲ್ಲದ ಹೊತ್ತಿನಲ್ಲಿ. ನೆತ್ತಿಯ ಮೇಲೆ ತಯಾರಾಗುವ ಕರೆಂಟು ಸಬ್‌ಸ್ಟೇಷನ್ ಸೇರಿ ಗ್ರಿಡ್ಡಿಗೆ ಹೋಗುತ್ತದೆ, ಅದು ನೇರ ನಮ್ಮ ಮೋಟಾರಿಗೆ ಬರಲ್ಲ ಅಂತ ನನಗೆ ಅರ್ಥವಾಗುತ್ತದೆ. ಕತ್ತಲಲ್ಲಿ ನೀರು ಬಿಡಲು ಹೋಗುವವನಿಗೆ ಅದನ್ನು ಹೇಗೆ ಅರ್ಥ ಮಾಡಿಸಲಿ?

ಹಕ್ಕಿಯ ಬಗ್ಗೆ ನೀನು ಕೇಳೇ ಕೇಳುತ್ತೀಯ. ನಿನ್ನ ಹತ್ತಿರದ ಸಾತಾರಾದ ಚಾಳಕೇವಾಡಿಯಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯವರು ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದ್ದಾರೆ. ಫ್ಯಾನು ಇರುವ ಕಡೆ ಬೇಟೆ ಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆ, ಅವು ತಿನ್ನುತ್ತಿದ್ದ ಓತಿಕ್ಯಾತಗಳು ಜಾಸ್ತಿ. ರವಿವಾರ ಬೈಕ್ ಹತ್ತಿ ಹೋಗಿ ನೋಡಿ ಬಾ, ನಿನ್ನ ಆ ದೊಡ್ಡ ಲೆನ್ಸ್ ಒಮ್ಮೆಯಾದರೂ ಕೆಲಸಕ್ಕೆ ಬರಲಿ.

ಎರಡನೇ ಹಂತದ ಫ್ಯಾನು ಬರುತ್ತವೆ ಅಂತ ಸುದ್ದಿ ಇದೆ. ಈ ಸಲ ಗ್ರಾಮಸಭೆಯಲ್ಲಿ ಎದ್ದು ನಿಂತು ನಮಗೆ ಬಂದ ರೇಟು ಗಟ್ಟಿಯಾಗಿ ಹೇಳುತ್ತೇನೆ. ಅಪ್ಪ ಒಪ್ಪಿದ್ದಾರೆ. ಉಳಿದವರೂ ಹೇಳಲಿ. ಆಮೇಲೆ ಪಕ್ಕದ ಹೊಲದವರ ಪಾಲು ಏನು ಅಂತ ಎಲ್ಲರೂ ಸೇರಿ ಕೇಳೋಣ. ಕಾಕಾ ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ಕರೆಯಲು ನಾನೇ ಹೋಗಬೇಕು. ನೀನು ಊರಲ್ಲಿದ್ದರೆ ಜೊತೆಗೆ ಕರೆದುಕೊಂಡು ಹೋಗುತ್ತಿದ್ದೆ, ನಿನ್ನನ್ನು ಕಂಡರೆ ಅವರಿಗೆ ಈಗಲೂ ಅಕ್ಕರೆ.

ಸಾಕು, ಬರೆಯಬೇಕೆಂದು ಕೂತದ್ದಕ್ಕಿಂತ ಜಾಸ್ತಿ ಬರೆದೆ. ಗ್ರೂಪಿನಲ್ಲಿ ಇದನ್ನು ಹಾಕಿ ಅಳುವ ಮುಖದ ಇಮೋಜಿ ಕಳಿಸಬೇಡಿ, ಫೋನ್ ಮಾಡಿ. ಯುಗಾದಿಗೆ ಬಾ. ಅವ್ವ ಮಾದ್ಲಿ ಮಾಡುತ್ತಾಳೆ, ಕೆಂಪು ಚಟ್ನಿ ಡಬ್ಬಿ ಈಗಾಗಲೇ ನಿನ್ನ ಹೆಸರಲ್ಲಿ ತೆಗೆದಿಟ್ಟಿದ್ದಾಳೆ.

ನಿನ್ನ,
ಬಸು