ಮಣ್ಣು ಕಲಸುವ ಮೊದಲು ಸರ್ಕಲ್ ನೋಡಿ ಬಾ

ಮೈಸೂರು

ಪ್ರೀತಿಯ ಪುಟ್ಟಿ,

ವರ್ಕ್ ಆರ್ಡರ್ ಫೋಟೋ ನೋಡಿದೆ. ಕಿತ್ತೂರು ಚೆನ್ನಮ್ಮ, ಎಂಟು ಅಡಿ, ಕಂಚು, ಬಸ್ ಸ್ಟ್ಯಾಂಡ್ ಮುಂದಿನ ಸರ್ಕಲ್. ನಿಮ್ಮಪ್ಪ ಅದನ್ನು ಆಗಲೇ ಇಡೀ ಬಳಗಕ್ಕೆ ಕಳಿಸಿಯಾಗಿದೆ. ನನಗೂ ಖುಷಿಯೇ. ಆದರೆ ಫೋನಿನಲ್ಲಿ ನೀನು "ನಾಳೆಯೇ ಮಣ್ಣು ತರಿಸ್ತೀನಿ ಅಮ್ಮ" ಅಂದೆಯಲ್ಲ, ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ಹ್ಞೂಂ ಹ್ಞೂಂ ಅಂತೀಯ, ಒಂದೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಕಂಚು ಹೊಯ್ಯುವ ಮೊದಲು ಮಾಡುವ ಮಣ್ಣಿನ ಮಾದರಿ ಆಮೇಲೆ. ಮೊದಲು ಆ ಸರ್ಕಲ್‌ಗೆ ಹೋಗು. ಬೆಳಿಗ್ಗೆ ಹೋಗು, ಮಧ್ಯಾಹ್ನ ಹೋಗು, ಕತ್ತಲಾದ ಮೇಲೂ ಹೋಗು. ಬಿಸಿಲು ಎತ್ತಲಿಂದ ಬೀಳುತ್ತೆ, ಮೂರ್ತಿಯ ಮುಖ ಎತ್ತ ತಿರುಗಿರಬೇಕು ಅಂತ ಅವರು ಅಂದುಕೊಂಡಿದ್ದಾರೆ, ಎರಡನ್ನೂ ನೋಡು. ಬೆನ್ನ ಹಿಂದೆ ಬಿಸಿಲಿದ್ದರೆ ನೀನು ತಿಂಗಳುಗಟ್ಟಲೆ ತಿದ್ದಿದ ಮುಖ ಬರೀ ಕಪ್ಪು ನೆರಳಾಗಿ ಕಾಣುತ್ತೆ. ಮೇಲೆ ಕರೆಂಟ್ ವೈರ್ ಹಾದು ಹೋಗಿದೆಯಾ ಅಂತಲೂ ನೋಡು. ಖಡ್ಗ ಎತ್ತಿ ಹಿಡಿದ ಭಂಗಿ ಬೇಕು ಅಂತ ಆರ್ಡರ್‌ನಲ್ಲೇ ಬರೆದಿದ್ದಾರೆ. ಖಡ್ಗದ ತುದಿ ಎಂಟು ಅಡಿಗೆ ನಿಲ್ಲುವುದಿಲ್ಲ, ಕ್ರೇನ್ ಕೈಯಂತೂ ಅದಕ್ಕಿಂತ ಎಷ್ಟೋ ಮೇಲೆ ಹೋಗುತ್ತೆ.

ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ: ಆ ಜಾಗಕ್ಕೆ ಅನುಮತಿ ಇದೆಯಾ? 2013ರ ಜನವರಿ 18ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಮಾಡಿದೆ. ರಸ್ತೆ, ಫುಟ್‌ಪಾತ್, ಸಾರ್ವಜನಿಕರು ಬಳಸುವ ಜಾಗಗಳಲ್ಲಿ ಹೊಸ ಪ್ರತಿಮೆ ಇಡಲು ರಾಜ್ಯ ಸರ್ಕಾರಗಳು ಅನುಮತಿ ಕೊಡುವ ಹಾಗಿಲ್ಲ ಅಂತ. ಆದರೂ ಎಲ್ಲರ ಬಾಯಲ್ಲೂ ಮೊದಲು ಬರುವುದು ಸರ್ಕಲ್ಲೇ. ಕೊನೆಗೆ ಯಾರೋ ತಕರಾರು ತೆಗೆಯುತ್ತಾರೆ, ಮೂರ್ತಿ ಪಾರ್ಕಿಗೋ ಕಚೇರಿಯ ಕಾಂಪೌಂಡಿಗೋ ಹೋಗುತ್ತೆ. ನನಗೇನು ನಷ್ಟ ಅನ್ನಬೇಡ. ಸರ್ಕಲ್‌ನಲ್ಲಾದರೆ ಹತ್ತು ಅಡಿ ಪೀಠದ ಮೇಲೆ ನಿಲ್ಲುವ ಮೂರ್ತಿ, ಜನ ದೂರದಿಂದ ತಲೆ ಎತ್ತಿ ನೋಡುತ್ತಾರೆ. ಕಾಂಪೌಂಡ್‌ನಲ್ಲಾದರೆ ಮೂರು ಅಡಿ ಪೀಠ, ಪಕ್ಕದಲ್ಲೇ ನಿಂತು ಸೆಲ್ಫಿ ತಗೊಳ್ಳುತ್ತಾರೆ. ಎರಡಕ್ಕೂ ಒಂದೇ ಮೂರ್ತಿ ಆಗುವುದಿಲ್ಲ. ಜಾಗ ಯಾವುದು, ಪೀಠ ಎಷ್ಟು ಎತ್ತರ, ಇವೆರಡನ್ನು ಬರಹದಲ್ಲಿ ತಗೊಂಡು ಆಮೇಲೆ ಮಣ್ಣಿನ ಗಾಡಿ ಕರೆಸು.

ಪೀಠ ಎತ್ತರದ್ದೇ ಆದರೆ ಬಸ್ಸಿಗೆ ಕಾಯುವವರಿಗೆ ಕಾಣುವುದು ಗದ್ದ ಮತ್ತು ಮೂಗಿನ ಹೊಳ್ಳೆ. ಅದಕ್ಕೆ ತಲೆಯನ್ನು ಅಳತೆಗಿಂತ ಚೂರು ದೊಡ್ಡದು ಮಾಡು, ಮುಖವನ್ನು ಸ್ವಲ್ಪ ಮುಂದಕ್ಕೆ ಬಾಗಿಸು. ನಿನ್ನ ಶೆಡ್ ಸೂರು ತಗ್ಗು, ಮಣ್ಣಿನ ಮೂರ್ತಿಯನ್ನು ಹತ್ತು ಅಡಿ ಮೇಲೆ ಇಟ್ಟು ನೋಡುವುದಕ್ಕೆ ಆಗಲ್ಲ. ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಮಲಗಿ ನೋಡು. ನಾನು ಈಗಲೂ ಹಾಗೇ ಮಾಡುವುದು. ಮೂರ್ತಿ ನೋಡಿ ಒಪ್ಪುವ ಸಮಿತಿಯವರು ಬಂದಾಗ ಮಾತ್ರ ಎದ್ದು ಕೂತುಕೋ!

ಸಮಿತಿ ಅಂದೆನಲ್ಲ, ನಿನಗೆ ಜಾಸ್ತಿ ತಲೆನೋವು ಅಲ್ಲೇ. ಚೆನ್ನಮ್ಮನ ಕಾಲಕ್ಕೆ ಕ್ಯಾಮೆರಾ ಎಲ್ಲಿತ್ತು? ಆಕೆ ತೀರಿಕೊಂಡದ್ದು 1829ರಲ್ಲಿ, ಬೈಲಹೊಂಗಲದ ಸೆರೆಯಲ್ಲಿ. ಹಾಗಾಗಿ ಫೋಟೋ ಇಲ್ಲ. ಆದರೆ ಸಮಿತಿಯಲ್ಲಿ ಕೂತ ಪ್ರತಿಯೊಬ್ಬರಿಗೂ ಆಕೆಯ ಮುಖ ಗೊತ್ತು, ಯಾಕೆಂದರೆ 1961ರ ಸಿನಿಮಾದಲ್ಲಿ ಬಿ. ಸರೋಜಾದೇವಿ ಅವರನ್ನು ಎಲ್ಲರೂ ನೋಡಿದ್ದಾರೆ. "ಯಾಕೋ ನಮ್ಮ ಚೆನ್ನಮ್ಮ ಅನಿಸ್ತಾ ಇಲ್ಲ ಮೇಡಂ" ಅಂತ ಯಾರಾದರೂ ರಾಗ ಎಳೆದರೆ ಅರ್ಥ ಅದೇ. ಬ್ರಿಟಿಷ್ ಕಲೆಕ್ಟರ್ ಥ್ಯಾಕರೆಯ ಸೈನ್ಯವನ್ನು ಸೋಲಿಸಿದ 1824ರಲ್ಲಿ ಆಕೆಗೆ ನಲವತ್ತೈದರ ಆಸುಪಾಸು. ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಸಂಸ್ಥಾನದ ಹೊರೆ ಹೆಗಲ ಮೇಲಿತ್ತು. ನನ್ನ ಕೈಗೆ ಈ ಕೆಲಸ ಬಂದಿದ್ದರೆ ಇಪ್ಪತ್ತರ ಹುಡುಗಿಯ ಕೆನ್ನೆ ಖಂಡಿತ ಮಾಡುತ್ತಿರಲಿಲ್ಲ. ಒಂದು ಸಲ ಬೆಳಗಾವಿ ಕಡೆ ಸಂತೆಗೆ ಹೋಗಿ ಬಾ. ಕಚ್ಚೆ ಸೀರೆ ಉಟ್ಟು, ವಿಭೂತಿ ಇಟ್ಟು, ವ್ಯಾಪಾರ ಮಾಡುವ ಆ ವಯಸ್ಸಿನ ಹೆಂಗಸರ ದವಡೆ ನೋಡು, ನಿಲುವು ನೋಡು. ಕಚ್ಚೆ ಹಿಂದೆ ಹೇಗೆ ಬಿಗಿಯುತ್ತೆ ಅನ್ನುವುದು ಯಾವ ಪಟದಲ್ಲೂ ಸರಿಯಾಗಿ ಕಾಣಲ್ಲ.

ಸಮಿತಿಯವರ ಜೊತೆ ವಾದಕ್ಕೆ ಇಳಿಯಬೇಡ. ಒಬ್ಬರು ಮೂಗು ಚೂಪಾಗಲಿ ಅಂತಾರೆ, ಇನ್ನೊಬ್ಬರು ಮೊಂಡಾಗಲಿ ಅಂತಾರೆ. "ನೋಡೋಣ ಸರ್" ಅಂದು ಮಣ್ಣಿಗೆ ನೀರು ಚಿಮುಕಿಸುತ್ತಾ ಇರು. ಇಬ್ಬರೂ ಅವರವರಲ್ಲೇ ಮಾತಾಡಿಕೊಂಡು ಒಂದಕ್ಕೆ ಬರುತ್ತಾರೆ. ಒಪ್ಪಿದ ದಿನವೇ ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಪ್ರಿಂಟ್ ಹಾಕಿಸಿ, ಅದರ ಮೇಲೇ ಎಲ್ಲರ ಸಹಿ ಹಾಕಿಸಿಕೋ. ಮಣ್ಣಿನಲ್ಲಿ ಮೂಗು ತಿದ್ದಲು ಹತ್ತು ನಿಮಿಷ ಸಾಕು. ಕಂಚಿನಲ್ಲಿ ತಿದ್ದಬೇಕಾದರೆ ಕತ್ತರಿಸಿ, ಬೇರೆ ಎರಕ ಹೊಯ್ದು, ವೆಲ್ಡಿಂಗ್ ಮಾಡಬೇಕು.

ಅಳತೆ ಬಗ್ಗೆ ಒಂದು ಮಾತು. ಕಂಚು ಆರುವಾಗ ಕುಗ್ಗುತ್ತೆ, ಎಂಟು ಅಡಿಗೆ ಸುಮಾರು ಒಂದೂವರೆ ಇಂಚು. ಎಂಜಿನಿಯರ್ ಟೇಪ್ ಹಿಡಿದೇ ಬರುತ್ತಾರೆ. ಮಣ್ಣಿನಲ್ಲೇ ಅಷ್ಟು ಹೆಚ್ಚಿಗೆ ಇಟ್ಟುಕೋ. ಎರಕದ ಲೋಹಕ್ಕೆ ನಮ್ಮಲ್ಲಿ ವಾಡಿಕೆಯ ಪಾಕ ನಿನಗೆ ಗೊತ್ತು: ನೂರಕ್ಕೆ 85 ಪಾಲು ತಾಮ್ರ, ತವರ, ಸತು, ಸೀಸ ತಲಾ 5. ಹಳೇ ನಲ್ಲಿ, ವಾಲ್ವ್ ಕರಗಿಸಿ ಇದೇ ಕಂಚು ಅನ್ನುವವರೂ ಇದ್ದಾರೆ, ಲ್ಯಾಬ್ ಟೆಸ್ಟ್ ವರದಿ ಕೇಳು. ಒಳಗಿನ ಆಧಾರಕ್ಕೆ ಸ್ಟೇನ್‌ಲೆಸ್ ಸ್ಟೀಲೇ ಬೇಕು. ಮಾಮೂಲಿ ಕಬ್ಬಿಣ ಹಾಕಿದರೆ ಒಳಗೇ ತುಕ್ಕು ಹಿಡಿದು ಕಾಲಿನ ಸಂದಿಯಿಂದ ಕೆಂಪು ನೀರು ಇಳಿಯುತ್ತೆ. ಪಾದದ ಬಳಿ, ಕಾಣದ ಕಡೆ, ಒಂದು ಸಣ್ಣ ತೂತು ಬಿಡು. ಒಳಗೆ ಸೇರಿದ ಮಳೆನೀರು ಹೊರಗೆ ಹೋಗಬೇಕಲ್ಲ.

ಎರಕದ ದಿನ ಮಾತ್ರ ಯಾವ ಕೆಲಸ ಇದ್ದರೂ ಬಿಟ್ಟು ಫೌಂಡ್ರಿಯಲ್ಲಿ ಇರು. ಮಣ್ಣಿನ ಮೂರ್ತಿಯಿಂದ ತೆಗೆದ ಮೇಣದ ಪ್ರತಿಯ ಸುತ್ತ ಕಟ್ಟಿದ ಅಚ್ಚುಗಳನ್ನು ಕಾಯಿಸಿ ಮೇಣ ಪೂರ್ತಿ ಇಳಿಸಿ, ಮರಳಿನಲ್ಲಿ ಕುತ್ತಿಗೆವರೆಗೆ ಹೂತಿರುತ್ತಾರೆ. ಲೋಹ ಕರಗಿಸಿದ ಮೂಸೆ ಎತ್ತಿದಾಗ ಲೋಹ ಕೆಂಪಗಿರಲ್ಲ, ಕಿತ್ತಳೆಗೂ ಹಳದಿಗೂ ನಡುವಿನ ಬಣ್ಣ, ಅಂಚಿನಲ್ಲಿ ಸತುವಿನ ಹಸಿರು ಜ್ವಾಲೆ, ಬಿಳಿ ಹೊಗೆ. ಹೊಯ್ಯುವವರು ಮಾತಾಡಲ್ಲ, ಧಾರೆ ತುಂಡಾಗಬಾರದು. ಆ ಹೊಗೆ ಒಳ್ಳೆಯದಲ್ಲ, ಮಾಸ್ಕ್ ಹಾಕಿಕೊಂಡು ದೂರ ನಿಲ್ಲು. ಅಚ್ಚಿನಲ್ಲಿ ಹಸಿ ಇದ್ದರೆ ಲೋಹ ಸಿಡಿಯುತ್ತೆ. ಅವರು ಅನಾವರಣಕ್ಕೆ ಅಕ್ಟೋಬರ್ 23 ಕೇಳುವುದು ಗ್ಯಾರಂಟಿ, ಕಿತ್ತೂರಿನ ಗೆಲುವಿನ ದಿನ. ಅಂದರೆ ಅಚ್ಚು ಒಣಗಿಸುವ ಕೆಲಸ ಸರಿಯಾಗಿ ಮಳೆಗಾಲಕ್ಕೇ ಬೀಳುತ್ತೆ. ಮೇ ಮುಗಿಯುವುದರೊಳಗೆ ಮಣ್ಣಿಗೆ ಸಹಿ ಬೀಳಲಿಲ್ಲ ಅಂದರೆ ಆ ತಾರೀಖು ಆಗಲ್ಲ ಅಂತ ಈಗಲೇ ಬರೆದುಕೊಡು.

ಇನ್ನು ಮೂರ್ತಿಯನ್ನು ಪೀಠದ ಮೇಲೆ ನಿಲ್ಲಿಸುವುದು. ಶ್ರವಣಬೆಳಗೊಳದಲ್ಲಿ ಬೆಟ್ಟದ ಬಂಡೆಯನ್ನೇ ಗೊಮ್ಮಟನಾಗಿ ಕಡೆದರು, ಸಾಗಿಸುವ ತಾಪತ್ರಯವೇ ಇರಲಿಲ್ಲ. ಧರ್ಮಸ್ಥಳದ 39 ಅಡಿ ಬಾಹುಬಲಿಯನ್ನು ರೆಂಜಾಳ ಗೋಪಾಲ ಶೆಣೈ ಅವರು ಕಡೆದದ್ದು ಕಾರ್ಕಳದಲ್ಲಿ. 1973ರಲ್ಲಿ ಅದನ್ನು ಒಂದೇ ಕಲ್ಲಾಗಿ ಧರ್ಮಸ್ಥಳಕ್ಕೆ ತಂದರು. ಅದರ ಮುಂದೆ ನಮ್ಮ ಎಂಟು ಅಡಿ ಯಾವ ಲೆಕ್ಕ ಅನಿಸಬಹುದು. ಆದರೆ ಕೆಲಸ ಕೆಡುವುದು ಬೋಲ್ಟ್‌ನಲ್ಲಿ. ನನ್ನದೊಂದು ಕೆಲಸದಲ್ಲಿ ಪೀಠ ಕಟ್ಟಿದ ಕಂಟ್ರಾಕ್ಟರ್ ನಾಲ್ಕು ಬೋಲ್ಟನ್ನೂ ಅಂದಾಜಿನ ಮೇಲೆ ಕಾಂಕ್ರೀಟ್‌ನಲ್ಲಿ ಕೂರಿಸಿಬಿಟ್ಟಿದ್ದ. ನಡುರಾತ್ರಿ ಮೂರ್ತಿ ಕ್ರೇನ್‌ನಲ್ಲಿ ತೂಗಾಡುತ್ತಿದೆ, ಕೆಳಗಿನ ಪ್ಲೇಟಿನ ತೂತುಗಳು ಒಂದೂ ತಾಳೆ ಆಗುತ್ತಿಲ್ಲ, ಕ್ರೇನ್ ಬಾಡಿಗೆ ಗಂಟೆ ಲೆಕ್ಕದಲ್ಲಿ ಏರುತ್ತಿದೆ. ಬೋಲ್ಟ್ ಕೊಯ್ದು, ಹೊಸದಾಗಿ ಡ್ರಿಲ್ ಮಾಡಿ, ಕೆಮಿಕಲ್ ಹಾಕಿ ಕೂರಿಸುವಷ್ಟರಲ್ಲಿ ಹಾಲಿನ ಗಾಡಿ ಬಂತು. ಆತ ಮಾತ್ರ "ಏನೂ ಆಗಲ್ಲ ಮೇಡಂ" ಅಂತ ಬೀಡಿ ಸೇದುತ್ತಾ ನಿಂತಿದ್ದ. ನೀನು ಪ್ಲೈವುಡ್ ಹಲಗೆ ಮೇಲೆ ತೂತು ಕೊರೆದು ಅಚ್ಚು ಮಾಡಿಕೊಡು. ಹಲಗೆಯ ಒಂದು ಅಂಚಿನಲ್ಲಿ "ಮುಂದೆ" ಅಂತ ದೊಡ್ಡದಾಗಿ ಬರಿ. ತಿರುಗಿಸಿ ಇಡುವವರೂ ಇದ್ದಾರೆ.

ಎತ್ತುವಾಗ ಬೆಲ್ಟ್ ಕಂಕುಳ ಕೆಳಗೆ ಬರಲಿ, ಬೆಲ್ಟಿನ ಕೆಳಗೆ ಹಳೇ ರಗ್ಗು ಹಾಕು. ಖಡ್ಗವನ್ನು ಮೂರ್ತಿ ಕೂತ ಮೇಲೇ ಜೋಡಿಸು. ಕ್ರೇನ್‌ನವನಿಗೆ ಕೈಸನ್ನೆ ಒಬ್ಬರದೇ ಇರಲಿ, ಅದು ನಿನ್ನದಾಗಲಿ. ಮೂರ್ತಿ ನಿಲ್ಲಿಸುವ ರಾತ್ರಿ ಕೌನ್ಸಿಲರ್‌ನಿಂದ ಹಿಡಿದು ಟೀ ಅಂಗಡಿಯವರವರೆಗೆ ಎಲ್ಲರೂ "ಲೆಫ್ಟ್, ಲೆಫ್ಟ್" ಅಂತ ಕೂಗುತ್ತಾರೆ. "ಶಿಲ್ಪಿ ಯಾರಮ್ಮ?" ಅಂತ ನಿನ್ನನ್ನೇ ಕೇಳುತ್ತಾರೆ, ಹೇಳಿ ಮುಂದಕ್ಕೆ ಹೋಗು. ಶಿಲ್ಪಿ ವಾದಿರಾಜರ ಹತ್ತಿರ ಕಲಿತ ಕನಕಾ ಮೂರ್ತಿ ಅವರು ಹೆಣ್ಣಾಗಿ ಉಳಿ ಹಿಡಿದ ಕಾಲಕ್ಕೆ ಹೋಲಿಸಿದರೆ ನಮ್ಮ ಪಾಡು ಎಷ್ಟೋ ವಾಸಿ.

ಎತ್ತುವ ಕೊಕ್ಕೆ ಎಲ್ಲೆಲ್ಲಿವೆ ಅಂತ ಒಂದು ಡ್ರಾಯಿಂಗ್ ಮಾಡಿ ಕಚೇರಿಯ ಫೈಲಿಗೆ ಸೇರಿಸು. ಮೂರ್ತಿ ಹಾಕಿದ ಜಾಗದಲ್ಲೇ ಇರುತ್ತೆ ಅಂತ ಇಲ್ಲ. ಶಿಲ್ಪಿ ಮಾರೋಚೆಟ್ಟಿ ಮಾಡಿದ, ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕುದುರೆ ಸವಾರಿಯ ಪ್ರತಿಮೆ 1866ರಿಂದಲೂ ಬೆಂಗಳೂರಿನಲ್ಲಿದೆ. ಅದನ್ನೇ 2020ರಲ್ಲಿ ಹೈಕೋರ್ಟ್ ಮುಂದಿನಿಂದ ಎತ್ತಿ ಕಬ್ಬನ್ ಪಾರ್ಕಿನ ಒಳಗೆ ಇಟ್ಟರು.

ದುಡ್ಡಿನದು ಕೊನೆಯ ಮಾತು. ಕೊನೇ ಕಂತು "ಅನಾವರಣದ ನಂತರ" ಅಂತ ಇದ್ದರೆ ಸಹಿ ಹಾಕಬೇಡ, "ಪೀಠದ ಮೇಲೆ ನಿಲ್ಲಿಸಿದ ನಂತರ" ಅಂತ ಬದಲಾಯಿಸಿಕೋ. ಮಂತ್ರಿಗಳ ಡೇಟ್ ಸಿಗಲ್ಲ, ಚುನಾವಣೆ ನೀತಿಸಂಹಿತೆ ಬರುತ್ತೆ, ಮೂರ್ತಿ ಬಟ್ಟೆ ಸುತ್ತಿಕೊಂಡು ತಿಂಗಳುಗಟ್ಟಲೆ ನಿಂತಿರುತ್ತೆ. ಫೌಂಡ್ರಿಯವರು ಅಲ್ಲಿವರೆಗೆ ಕಾಯುವುದಿಲ್ಲ. ನನ್ನ ಒಂದು ಬಿಲ್ ಹೀಗೇ ಉಳಿದು, ಅಧಿಕಾರಿ ವರ್ಗವಾಗಿ, ಬಂದವರು "ಫೈಲೇ ಇಲ್ವಲ್ಲ" ಅಂದರು.

ಅಗ್ರಿಮೆಂಟ್ ಪ್ರತಿ ವಾಟ್ಸಾಪ್‌ನಲ್ಲಿ ಕಳಿಸು. ಲೆಕ್ಕದ ಪುಟ ನಿಮ್ಮಪ್ಪ ನೋಡಲಿ, ಅದರಲ್ಲಿ ಅವರೇ ಜಾಣರು. ನನ್ನ ಹಳೇ ಪ್ಲೈವುಡ್ ಅಚ್ಚು ಅಟ್ಟದ ಮೇಲಿದೆ, ಅಳತೆ ಸರಿಹೋದರೆ ಬಸ್ಸಿಗೆ ಹಾಕಿಸುತ್ತೇನೆ.

ನಿನ್ನ
ಅಮ್ಮ