ವ್ಯಂಗ್ಯಚಿತ್ರ ತರಗತಿಯೊಳಗೂ ಬರಲಿ

ಮಾನ್ಯ ಸಂಪಾದಕರೇ,

ಪತ್ರಿಕೆಯ ವ್ಯಂಗ್ಯಚಿತ್ರ ನೋಡಿ, ನಕ್ಕು, ಪುಟ ಮಗುಚುವುದು ನಮ್ಮೆಲ್ಲರ ರೂಢಿ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದಾಗ ನಾನು ಅದನ್ನು ಕತ್ತರಿಸಿ, ಅಡಿಬರಹ ಕಾಣದಂತೆ ಕಾಗದದ ಚೂರು ಅಂಟಿಸಿ ಮಕ್ಕಳ ಕೈಗೆ ಕೊಡುತ್ತಿದ್ದೆ. ‘ಇದರ ಅರ್ಥವೇನು’ ಎಂದರೆ, ಸರಿಯುತ್ತರ ಟೀಚರ ಬಳಿ ಮಾತ್ರ ಇದೆಯೆಂಬ ಅಳುಕಿನಲ್ಲಿ ತರಗತಿಯೇ ಸುಮ್ಮನಾಗುತ್ತಿತ್ತು. ‘ಏನೇನು ಕಾಣುತ್ತಿದೆ’ ಎಂದರೆ ಹಿಂದಿನ ಬೆಂಚಿನವರೂ ಬಾಯಿಬಿಡುತ್ತಿದ್ದರು. ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯನ ಚಿತ್ರವೊಂದನ್ನು ಕೊಟ್ಟಾಗ, ಸದಾ ಮೌನಿಯಾಗಿದ್ದ ಹುಡುಗಿಯೊಬ್ಬಳು, ‘ಎಲ್ಲರೂ ಮಾತಾಡ್ತಿದಾರೆ ಮಿಸ್, ಚೌಕುಳಿ ಕೋಟಿನ ತಾತ ಮಾತ್ರ ಸುಮ್ಮನೆ ನೋಡ್ತಿದಾರೆ’ ಎಂದಳು. ಅವರೇಕೆ ಸುಮ್ಮನಿದ್ದಾರೆ ಎಂಬ ಚರ್ಚೆಯಲ್ಲೇ ಆ ಪೀರಿಯಡ್ ಮುಗಿಯಿತು.

ಹಲವು ಚೌಕಟ್ಟುಗಳ ಕಾಮಿಕ್ಸ್ ಆದರೆ ಕೊನೆಯದನ್ನು ಮುಚ್ಚಿಡಬಹುದು. ಮುಂದೇನೆಂದು ಊಹಿಸುವ ಮಗು ತನ್ನ ಊಹೆಗೆ ಚಿತ್ರದಲ್ಲೇ ಆಧಾರ ತೋರಿಸಬೇಕಾಗುತ್ತದೆ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ನಂತರ ಬಂದ, ಶಾಲಾ ಪಠ್ಯಪುಸ್ತಕ ರೂಪಿಸುವ ಕೇಂದ್ರ ಸಂಸ್ಥೆ ಎನ್‌ಸಿಇಆರ್‌ಟಿಯ ರಾಜ್ಯಶಾಸ್ತ್ರ ಪುಸ್ತಕಗಳಲ್ಲಿ ವ್ಯಂಗ್ಯಚಿತ್ರಗಳಿದ್ದವು. ಪುಟದ ಅಂಚಿನಲ್ಲಿ ಉನ್ನಿ, ಮುನ್ನಿ ಎಂಬ ಇಬ್ಬರು ಮಕ್ಕಳು ಪ್ರಶ್ನೆ ಎತ್ತುತ್ತಿದ್ದರು. ಅಂಥ ಒಂದು ಪುಸ್ತಕದಲ್ಲಿದ್ದ, ಸಂವಿಧಾನ ರಚನೆಯ ವಿಳಂಬವನ್ನು ಕುರಿತು ವ್ಯಂಗ್ಯಚಿತ್ರಕಾರ ಶಂಕರ್ 1949ರಲ್ಲಿ ಬರೆದ, ಬಸವನಹುಳುವಿನ ಮೇಲೆ ಅಂಬೇಡ್ಕರ್ ಕುಳಿತಿರುವ ಚಿತ್ರದ ವಿಚಾರವಾಗಿ 2012ರಲ್ಲಿ ಸಂಸತ್ತಿನಲ್ಲಿ ಗದ್ದಲವೆದ್ದು, ಪುಸ್ತಕದ ಇಬ್ಬರು ಮುಖ್ಯ ಸಲಹೆಗಾರರು ರಾಜೀನಾಮೆ ಕೊಟ್ಟರು. ಹಿಂದೆ ಚಾವಟಿ ಹಿಡಿದ ನೆಹರೂ ಇರುವ ಆ ಚಿತ್ರ ಅನೇಕರನ್ನು ನೋಯಿಸಿದ್ದು ನಿಜ, ಆ ನೋವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಸಂವಿಧಾನ ಸಭೆ ಇಷ್ಟು ಕಾಲ ತೆಗೆದುಕೊಂಡದ್ದೇಕೆ ಎಂದು ಪುಸ್ತಕ ಅದೇ ಪುಟದಲ್ಲಿ ಮಕ್ಕಳನ್ನು ಕೇಳಿತ್ತು. ಸುಮಾರು ಮೂರು ವರ್ಷ ನಡೆದ ಚರ್ಚೆಯ ಆಳವನ್ನು ಬಲ್ಲ ವಿದ್ಯಾರ್ಥಿ, ಇಲ್ಲಿ ತಪ್ಪಿದ್ದು ಚಿತ್ರಕಾರನೇ ಇರಬಹುದಲ್ಲವೇ ಎಂದೂ ಕೇಳಿಯಾನು. ಯಾರನ್ನು ದೊಡ್ಡದಾಗಿ ಬರೆದಿದ್ದಾರೆ, ಯಾರನ್ನು ಬಿಟ್ಟಿದ್ದಾರೆ, ಯಾರ ಕಣ್ಣಿನಿಂದ ನೋಡಿದ್ದಾರೆ ಎಂದು ವ್ಯಂಗ್ಯಚಿತ್ರವನ್ನೇ ಪ್ರಶ್ನಿಸುವುದು ಕಲಿಕೆಯ ಮುಖ್ಯ ಭಾಗವೆಂದು ನಾನು ನಂಬಿದ್ದೇನೆ. ಚಿತ್ರವನ್ನೇ ತೆಗೆದುಹಾಕಿದರೆ ಆ ಅವಕಾಶವೂ ಹೋಗುತ್ತದೆ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ: ವಾರಕ್ಕೊಮ್ಮೆ ವಿದ್ಯಾರ್ಥಿಗಳ ಪುಟದಲ್ಲಿ ಅಡಿಬರಹವಿಲ್ಲದ ಒಂದು ವ್ಯಂಗ್ಯಚಿತ್ರವನ್ನು, ಶಾಲೆಯ ಕೊನೆಯ ಬೆಂಚಿಗೂ ಕಾಣುವಷ್ಟು ದೊಡ್ಡದಾಗಿ ಮುದ್ರಿಸಿ, ಅಡಿಬರಹವನ್ನು ಮರುವಾರ ಕೊಡಿ. ಬಹುಮಾನ ಬೇಡ, ಬಹುಮಾನವಿದ್ದರೆ ಮಕ್ಕಳು ಮತ್ತೆ ಒಂದೇ ಸರಿಯುತ್ತರ ಹುಡುಕತೊಡಗುತ್ತಾರೆ.

– ನಿವೃತ್ತ ಶಿಕ್ಷಕಿ, ಹಾಸನ