ಆಪರೇಷನ್‌ಗೆ ಕಾಯುವವರ ಮನಸ್ಸನ್ನೂ ವಿಚಾರಿಸಿ

ಮಾನ್ಯರೇ,

ನನಗೆ ಬಲ ಶ್ವಾಸಕೋಶದಲ್ಲಿ ಕ್ಯಾನ್ಸರ್ ಇದೆ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಹೆಸರು ಬರೆಸಿ ಕಾಯುತ್ತಿದ್ದೇನೆ. ಬಯಾಪ್ಸಿ, ಪೆಟ್ ಸ್ಕ್ಯಾನ್, ಎಕೋ, ಉಸಿರಾಟದ ಪರೀಕ್ಷೆ ಎಲ್ಲವೂ ಆಗಿವೆ. ‘ರಾತ್ರಿ ನಿದ್ದೆ ಬರುತ್ತಾ?’ ಅಂತ ಮಾತ್ರ ಯಾರೂ ಕೇಳಲಿಲ್ಲ.

ಬರುವುದಿಲ್ಲ. ಕೆಮ್ಮು ಬಂದರೆ ಗಡ್ಡೆ ಬೆಳೆಯುತ್ತಿದೆ ಅನ್ನಿಸುತ್ತದೆ. ಬರದಿದ್ದರೆ ಒಳಗೊಳಗೇ ಹರಡುತ್ತಿರಬಹುದಾ ಅನ್ನಿಸುತ್ತದೆ. ಆಸ್ಪತ್ರೆಯವರು ಬೇಗ ಕರೆಯಲಿ ಅಂತ ಹಾರೈಸುತ್ತೇನೆ, ಫೋನ್ ಹೊಡೆದುಕೊಂಡರೆ ಇವತ್ತು ಬೇಡಪ್ಪಾ ಅಂತ ಬೇಡಿಕೊಳ್ಳುತ್ತೇನೆ.

ಇದರ ಮೇಲೆ ನೋಡಲು ಬಂದವರ ಮಾತು ಬೇರೆ. ನಾನು ಬೀಡಿ, ಸಿಗರೇಟು ಮುಟ್ಟಿದವಳಲ್ಲ. ‘ಹಾಗಾದ್ರೆ ನಿಮ್ಮ ಯಜಮಾನ್ರು ಸೇದ್ತಿದ್ರಾ?’ ಅಂತ ಕೇಳುತ್ತಾರೆ. ಸೇದದವರಿಗೂ ಈ ಕಾಯಿಲೆ ಬರುತ್ತದೆ. ಎಷ್ಟೋ ಸಲ ಕಾರಣವೇ ತಿಳಿಯುವುದಿಲ್ಲ. ಸೇದಿದವರನ್ನಾದರೂ ಈ ಹೊತ್ತಿನಲ್ಲಿ ಅಪರಾಧಿಯ ಹಾಗೆ ನಿಲ್ಲಿಸಬಾರದು, ಅಲ್ವಾ? ಓಪಿಡಿಯಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ತಮ್ಮ ಹೆಂಡತಿಯ ಮುಖ ನೋಡಲೂ ಅಳುಕುತ್ತಿದ್ದರು. ಆಪರೇಷನ್‌ಗೆ ಮೊದಲೇ ಸೇದುವುದನ್ನು ಬಿಟ್ಟರೆ ಚೇತರಿಕೆಗೆ ಒಳ್ಳೆಯದು. ಹಾಗಾಗಿ ಬಿಡಲು ನೆರವಾಗಿ, ಬೈಯಬೇಡಿ.

‘ಧೈರ್ಯ ಇದ್ದರೆ ಅರ್ಧ ಕಾಯಿಲೆ ವಾಸಿ’ ಅನ್ನುವವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಅತ್ತರೆ ಕಾಯಿಲೆ ಜಾಸ್ತಿ ಆಗುತ್ತೇನೋ ಅಂತ ಹೆದರಿ, ನಾನು ಅಳುವನ್ನೂ ನುಂಗಿಕೊಂಡೆ. ಮಗಳು 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಲೇಖನ ಓದಿ ಹೇಳಿದಳು. ಅದುವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಗಟ್ಟಿ ಮನಸ್ಸಿನವರು ಜಾಸ್ತಿ ಕಾಲ ಬದುಕುತ್ತಾರೆ, ಕುಗ್ಗಿದವರು ಬೇಗ ಹೋಗುತ್ತಾರೆ ಅನ್ನಲು ಬಲವಾದ ಆಧಾರ ಸಿಗಲಿಲ್ಲವಂತೆ. ಅದನ್ನು ಕೇಳಿ ಎಷ್ಟು ಹಗುರವಾಯಿತೆಂದರೆ, ಮಗಳ ಮುಂದೆಯೇ ಮನಸಾರೆ ಅತ್ತುಬಿಟ್ಟೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಬಲ ಶ್ವಾಸಕೋಶಕ್ಕೆ ಮೂರು ಹಾಲೆ (ಭಾಗ), ಎಡಕ್ಕೆ ಎರಡು ಅಂತ ಬೋರ್ಡಿನ ಮೇಲೆ ಚಿತ್ರ ಬರೆದವಳು. ಆದರೂ ಒಂದು ಹಾಲೆ ತೆಗೆದ ಮೇಲೆ ಮೆಟ್ಟಿಲು ಹತ್ತಬಹುದಾ, ನೋವು ಎಷ್ಟಿರುತ್ತದೆ, ಒಂದೂ ತಿಳಿದಿರಲಿಲ್ಲ. ಡಾಕ್ಟರು ನನ್ನನ್ನು ಹೊರಗೆ ಕೂರಿಸಿ ಮಗನಿಗೆ ವಿವರಿಸಿದ್ದರು. ಅವನು ‘ಏನಿಲ್ಲಮ್ಮ, ಸಣ್ಣ ಆಪರೇಷನ್’ ಅಂದ. ಅವನ ಮುಖ ಬೇರೆಯದೇ ಹೇಳುತ್ತಿತ್ತು.

ಕೊನೆಗೆ ನನಗೆ ಎಲ್ಲ ಬಿಡಿಸಿ ಹೇಳಿದ್ದು ಫಿಸಿಯೋಥೆರಪಿ ವಿಭಾಗದ ಹುಡುಗಿ. ಮೂರು ಚೆಂಡಿನ ಉಪಕರಣ ಕೊಟ್ಟು, ಉಸಿರು ಎಳೆದು ಚೆಂಡು ಏರಿಸುವುದನ್ನು ಕಲಿಸಿದಳು. ಎದೆಗೆ ಹಾಕುವ ಟ್ಯೂಬು ಒಳಗಿನ ಗಾಳಿ, ನೀರು ಹೊರಗೆ ಹೋಗಲು ಅಂದಳು. ಬೇಗನೆ ಎಬ್ಬಿಸಿ ನಡೆಸುತ್ತೇವೆ, ಕೆಮ್ಮು ಬಂದಾಗ ಎದೆಗೆ ದಿಂಬು ಒತ್ತಿ ಹಿಡಿದುಕೊಳ್ಳಿ ಅಂದಳು. ಭಯ ಪೂರ್ತಿ ಹೋಗಲಿಲ್ಲ. ಆದರೆ ದಿನವೂ ನನ್ನ ಕೈಯಲ್ಲೇ ಆಗುವ ಒಂದು ಕೆಲಸ ಸಿಕ್ಕಿತು. ಅವತ್ತು ರಾತ್ರಿ ನಿದ್ದೆಯೂ ಬಂತು.

ಇಂಥ ಮಾತು ಆ ಹುಡುಗಿಯ ಒಳ್ಳೆತನದಿಂದ ಮಾತ್ರ ಸಿಗುವ ಹಾಗಿರಬಾರದು. ಆಪರೇಷನ್ ಗೊತ್ತಾದ ದಿನವೇ ಯಾರಾದರೊಬ್ಬರು ರೋಗಿಯನ್ನೇ ಕೂರಿಸಿಕೊಂಡು, ಅವರಿಗೆ ಎಷ್ಟು ತಿಳಿಯಬೇಕೋ ಅಷ್ಟನ್ನು ಕನ್ನಡದಲ್ಲಿ ಹೇಳಲಿ. ಸೊನ್ನೆಯಿಂದ ಹತ್ತರವರೆಗೆ ನಿಮ್ಮ ಸಂಕಟ ಎಷ್ಟು ಅಂತ ಕೇಳುವ ಪದ್ಧತಿ ಹಲವು ದೇಶಗಳಲ್ಲಿದೆ, ಅದಕ್ಕೆ ಹಣವೇನೂ ಬೇಕಿಲ್ಲ. 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲಿ ಮಾತಾಡಬಹುದು. ಆ ನಂಬರನ್ನು ಓಪಿಡಿ ಚೀಟಿಯ ಮೇಲೆ ಅಚ್ಚು ಹಾಕಿಸಲಿ. ಆಪರೇಷನ್ ದಿನ ಮುಂದಕ್ಕೆ ಹೋದರೆ, ಯಾಕೆ ಅಂತ ಒಂದು ಫೋನ್ ಮಾಡಿ ತಿಳಿಸಲಿ.

– ನಿವೃತ್ತ ಶಿಕ್ಷಕಿ, ತಿಪಟೂರು